ಉಣ್ಣದವರ ಹೊಗಳಿಕೆ



ಮೂವತ್ತನಾಲ್ಕು ವರ್ಷ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ಉತ್ತರ ಬರೆಯದವನಿಗೆ ಅರ್ಧ ಅಂಕವನ್ನೂ ಕೊಟ್ಟವನಲ್ಲ ಎಂಬುದು ನಿಮಗೆಲ್ಲ ತಿಳಿದದ್ದೇ. ಅಂಥ ನಾನೇ ಕಳೆದ ವರ್ಷ ನಿಮ್ಮಲ್ಲಿ ಕೆಲವರಿಂದ ಒಂದು ತಪ್ಪು ಮಾಡಿಸಿದೆ. ಅದನ್ನು ಒಪ್ಪಿಕೊಳ್ಳುವುದಕ್ಕಾಗಿ ಈ ಬರಹ.

ಹುಬ್ಬಳ್ಳಿಯ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಓಣಿಯೊಳಗೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಖಾನಾವಳಿಯಿದೆ. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸುತ್ತಿದ್ದಾಳೆ. ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಎಲ್ಲವೂ ಶುದ್ಧ ಸಸ್ಯಾಹಾರ. ಮಗಳ ಕಾಲೇಜಿನ ಶುಲ್ಕ ಈ ರೊಟ್ಟಿಯಿಂದಲೇ ಹುಟ್ಟಬೇಕು. ಒಂದು ದಿನ ಊಟಕ್ಕೆ ಹೋದಾಗ, “ಮಂದಿ ಕಡಿಮಿ ಆಗ್ಯಾರ್ರಿ ಸರ. ಎಲ್ಲಾರೂ ಫೋನ್ ನೋಡಿ ಹೋಗ್ತಾರ, ಅದರಾಗ ನಮ್ಮ ಅಂಗಡಿ ಕಾಣಂಗಿಲ್ಲ” ಎಂದಳು.

ಮೊಮ್ಮಗನನ್ನು ಕರೆದುಕೊಂಡು ಮತ್ತೆ ಹೋದೆ. ಗೂಗಲ್ ನಕ್ಷೆಯಲ್ಲಿ ಖಾನಾವಳಿ ಇತ್ತು. ಆದರೆ ಗುರುತು ಪಕ್ಕದ ಓಣಿಯಲ್ಲಿತ್ತು. ಅದು ಕಿರಾಣಿ ಅಂಗಡಿಗಳ ವರ್ಗದಲ್ಲಿ ಸೇರಿತ್ತು. ಫಲಕದ ಮೇಲೆ ಒಂದು ಹೆಸರು, ನಕ್ಷೆಯಲ್ಲಿ ಇನ್ನೊಂದು. ದೂರವಾಣಿ ಸಂಖ್ಯೆ ತೀರಿಕೊಂಡ ಗಂಡನದು. ಅದನ್ನು ನೋಡಿ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕರೆ ಮಾಡಿದವರಿಗೆಲ್ಲ ಎರಡು ವರ್ಷಗಳಿಂದ ಆ ನಂಬರು ಚಾಲ್ತಿಯಲ್ಲಿಲ್ಲ ಎಂಬ ಉತ್ತರವೇ ಸಿಕ್ಕಿರಬೇಕು.

ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತದೆಯೆಂದು ಅಂದು ಮೊಮ್ಮಗನಿಂದ ಕಲಿತೆ: ಹುಡುಕಿದವನಿಗೆ ಬೇಕಾದದ್ದು ಅಲ್ಲಿ ದೊರೆಯುತ್ತದೆಯೇ, ಅದೆಷ್ಟು ದೂರದಲ್ಲಿದೆ, ಅದು ಜನರಲ್ಲಿ ಎಷ್ಟು ಪರಿಚಿತ. ದೂರವನ್ನು ನಾವು ಬದಲಿಸಲಾರೆವು. ಈ ಸ್ಥಾನವನ್ನು ಹಣ ಕೊಟ್ಟು ಏರಿಸಿಕೊಳ್ಳಲೂ ಬಾರದು. ಜಾಹೀರಾತಿನ ಜಾಗವೇ ಬೇರೆ. ಉಳಿದದ್ದು ನಮ್ಮ ಕೈಯಲ್ಲಿದೆ. 2021ರಿಂದ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಎಂದು ಕರೆಯುವ ಖಾತೆಯನ್ನು ಅವಳ ಹೆಸರಿಗೆ ಮಾಡಿಕೊಂಡೆವು. ಅದಕ್ಕೆ ಶುಲ್ಕವಿಲ್ಲ. ಓಣಿ, ಫಲಕ, ಅಡಿಗೆಮನೆಗಳನ್ನು ತೋರಿಸುವ ವಿಡಿಯೊ ಕಳಿಸಿ ಅಂಗಡಿ ಅವಳದೇ ಎಂದು ಸಾಬೀತುಪಡಿಸಿದೆವು. ಗುರುತನ್ನು ಸರಿಯಾದ ಬಾಗಿಲಿಗೆ ತಂದೆವು. ವರ್ಗವನ್ನು ಸಸ್ಯಾಹಾರಿ ಊಟದ ಮನೆಯೆಂದು ತಿದ್ದಿದೆವು. ತೆರೆಯುವ, ಮುಚ್ಚುವ ವೇಳೆಯನ್ನೂ ತಟ್ಟೆಯ ಚಿತ್ರಗಳನ್ನೂ ಸೇರಿಸಿದೆವು. ಹೆಸರಿನ ಜೊತೆ ‘ಹುಬ್ಬಳ್ಳಿಯ ಅತ್ಯುತ್ತಮ ರೊಟ್ಟಿ ಊಟ’ ಎಂದು ಸೇರಿಸೋಣವೇ ಎಂದು ನಾನು ಕೇಳಿದೆ. ಫಲಕದ ಮೇಲಿರುವ ಹೆಸರನ್ನಷ್ಟೇ ಬರೆಯಬೇಕೆಂಬುದು ನಿಯಮವೆಂದು ಮೊಮ್ಮಗ ತಡೆದ.

ಅಷ್ಟಕ್ಕೆ ನಾನು ನಿಲ್ಲಬೇಕಿತ್ತು. ಉಪಕಾರ ಮಾಡುವ ಉತ್ಸಾಹದಲ್ಲಿ ನಿಮ್ಮೆಲ್ಲರ ವಾಟ್ಸ್‌ಆ್ಯಪ್ ಗುಂಪಿಗೆ, “ನಿಮ್ಮ ಸಹಪಾಠಿಗೆ ಐದು ನಕ್ಷತ್ರ ಕೊಡಿ, ಎರಡು ಒಳ್ಳೆಯ ಮಾತು ಬರೆಯಿರಿ” ಎಂದು ಬರೆದೆ. ಗುರುಗಳ ಮಾತು ಮೀರಬಾರದೆಂದು ನೀವು ಬರೆದಿರಿ. ಎರಡೇ ದಿನಗಳಲ್ಲಿ ಇಪ್ಪತ್ತಮೂರು ವಿಮರ್ಶೆಗಳು! ಪುಣೆಯಿಂದ, ದುಬೈನಿಂದ, ಅಮೆರಿಕೆಯಿಂದ. ಒಬ್ಬಳು ಮಾತ್ರ, “ಸರ್, ನಾನು ಅಲ್ಲಿ ಊಟ ಮಾಡಿಲ್ಲ. ಏನೆಂದು ಬರೆಯಲಿ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಮುಂದಿನ ವಾರ ದೂರದೂರಿನ ಒಂದು ಕುಟುಂಬ ಫೋನ್ ನೋಡುತ್ತ ಸರಿಯಾಗಿ ಬಾಗಿಲಿಗೇ ಬಂದಿತು. ಹಿರಿಯರೊಬ್ಬರು ಪರದೆಯ ಮೇಲೆ ಏನನ್ನೋ ಓದಿ, “ಇಲ್ಲಿ ಮೀನು ಮಾಡ್ತೀರೇನು?” ಎಂದು ಕೇಳಿದರು. ಇಲ್ಲವೆಂದರೂ ನಂಬದೆ ಹೊರಟುಹೋದರು. ನಿಮ್ಮಲ್ಲೊಬ್ಬ, ಊಟದ ಮನೆಯೆಂದರೆ ಎಲ್ಲ ಕಡೆಯೂ ಒಂದೇ ಎಂದುಕೊಂಡು, ‘ಮೀನಿನ ಸಾರು ಬಹಳ ರುಚಿ’ ಎಂದು ಬರೆದಿದ್ದ. ಅವನನ್ನು ದೂರಲಾರೆ, ಬರೆಸಿದವನು ನಾನು. ಅವಳು ಮಾತ್ರ ನನ್ನ ಮೇಲೆ ಸಿಟ್ಟಾಗಲಿಲ್ಲ. “ಉಣ್ಣದವರು ಹೊಗಳಿದ್ರ ಅಡಿಗಿ ರುಚಿ ಆಗ್ತದೇನ್ರಿ ಸರ?” ಎಂದಷ್ಟೇ ಕೇಳಿದಳು.

ಅನುಭವವಿಲ್ಲದೆ ಬರೆದ ವಿಮರ್ಶೆಗೆ ಗೂಗಲ್ಲಿನ ನಿಯಮದಲ್ಲಿ ಅವಕಾಶವಿಲ್ಲ. ಭಾರತೀಯ ಮಾನಕ ಬ್ಯೂರೋ ಕೂಡ 2022ರಲ್ಲಿ ಇಂಥ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿದೆ. ಇವನ್ನೆಲ್ಲ ನಾನು ಓದಿದ್ದು ಆಮೇಲೆ. ಆದರೆ ಬರೆಯದ ಉತ್ತರಕ್ಕೆ ಅಂಕವಿಲ್ಲವೆಂಬುದನ್ನು ತಿಳಿಯಲು ನನಗೆ ಮಾನಕ ಬೇಕಾಗಿರಲಿಲ್ಲ.

ಮೀನಿನ ಸಾರಿನ ಸಾಲು ಈಗ ಅಳಿದಿದೆ. ಉಳಿದವರೂ ದಯವಿಟ್ಟು ನೀವು ಬರೆದದ್ದನ್ನು ಅಳಿಸಿಬಿಡಿ. ಅಂದು ನನ್ನನ್ನು ಪ್ರಶ್ನೆ ಕೇಳಿದವಳಿಗೆ ತಡವಾಗಿಯಾದರೂ ಉತ್ತರಿಸುತ್ತಿದ್ದೇನೆ: ಏನನ್ನೂ ಬರೆಯಬೇಡ ಮಗಳೇ, ನೀನು ಮಾಡಿದ್ದೇ ಸರಿ.

ಈಗ ಅವಳು ಉಂಡು ಕೈ ತೊಳೆದವರಿಗೆ ಮಾತ್ರ, ಅನಿಸಿದ್ದನ್ನು ಬರೆಯಿರಿ ಎಂದು ಹೇಳುತ್ತಾಳೆ. ಅಂಥ ಒಂಬತ್ತು ವಿಮರ್ಶೆಗಳು ಬಂದಿವೆ. ಒಬ್ಬರು ಚಟ್ನಿ ಖಾರವೆಂದು ಮೂರೇ ನಕ್ಷತ್ರ ಕೊಟ್ಟಿದ್ದಾರೆ. ಅದರ ಕೆಳಗೆ ಅವಳೇ, “ಮುಂದಿನ ಸಲ ಬಂದಾಗ ಹೇಳ್ರಿ, ಖಾರ ಕಡಿಮಿ ಮಾಡಿ ಕೊಡ್ತೀನಿ” ಎಂದು ಬರೆದಿದ್ದಾಳೆ. ಮಧ್ಯಾಹ್ನದ ಹೊತ್ತು ಒಂದೆರಡು ಪಂಕ್ತಿ ಹೆಚ್ಚಾಗಿವೆಯಂತೆ.

ನೀವು ಹುಬ್ಬಳ್ಳಿಗೆ ಬಂದರೆ ಅಲ್ಲಿ ಊಟ ಮಾಡಿ. ಭಾನುವಾರ ರಾತ್ರಿ ಮುಚ್ಚಿರುತ್ತದೆ. ಉಂಡ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.