ಟೆರರ್ ಅಕ್ಕೋರು

ನಮ್ಮ ಬನಹಟ್ಟಿ ಕಡೆ ಬಿಗಿ ಸ್ವಭಾವದವರಿಗೆ ‘ಖಡಕ್’ ಅನ್ನುವುದು ರೂಢಿ. ಒಣಗಿದ ಸಜ್ಜೆ ರೊಟ್ಟಿಗೂ ಅದೇ ಮಾತು. ರೊಟ್ಟಿ ಪಲ್ಯದ ರಸದಲ್ಲಿ ನೆನೆದರೆ ಮೆತ್ತಗಾಗುತ್ತದೆ. ಮನುಷ್ಯರೂ ಹಾಗೇ ಎಂದು ಲೆಕ್ಕ.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನಾನೂ ಮೊದಲು ಬರೀ ಖಡಕ್ ಇದ್ದೆ. 1996ರಲ್ಲಿ ಬಡ್ತಿ ಸಿಕ್ಕಿತು. ನಲ್ಲಿಯ ಹತ್ತಿರ ಹುಡುಗಿಯೊಬ್ಬಳು ಗೆಳತಿಗೆ, “ಲೆಕ್ಕಾ ಮಾಡಿಲ್ಲಂದ್ರ ಒಳಗ ಹೋಗಬ್ಯಾಡ. ಅಕ್ಕೋರು ಭಾಳ ಟೆರರ್ ಅದಾರ” ಅನ್ನುತ್ತಿದ್ದಳು. ಸುಳ್ಳೇಕೆ, ಹಿಗ್ಗಿದೆ. ಮನೆಗೆ ಬಂದು ಯಜಮಾನರಿಗೂ ಹೇಳಿದೆ. “ಅದು ನಮಗ ಎಂದೋ ಗೊತ್ತೈತಿ” ಎಂದು ಅವರು ಪೇಪರಿನ ಹಿಂದೆ ಅಡಗಿದರು.

ಈ ಟೆರರ್ ಎಂಬುದರ ಲ್ಯಾಟಿನ್ ಬೇರಿಗೆ ‘ಹೆದರಿಸು’ ಎಂದೇ ಅರ್ಥ. 1793–94ರಲ್ಲಿ ಗಿಲೊಟಿನ್ನಿಗೆ ಸಾವಿರಾರು ತಲೆ ಕೊಟ್ಟ ಫ್ರಾನ್ಸಿನ ಆಡಳಿತಕ್ಕೆ ಅದೇ ಹೆಸರಾಯಿತು. ಅಷ್ಟು ದೂರ ಯಾಕೆ? ಆಯುಧ ಒಪ್ಪಿಸಲು ಒಲ್ಲೆವೆಂದ ಬೇಡರ ಹಲಗಲಿಗೆ 1857ರಲ್ಲಿ ಬ್ರಿಟಿಷರು ಬೆಂಕಿಯಿಟ್ಟರು, ಸೆರೆ ಸಿಕ್ಕವರಲ್ಲಿ ಕೆಲವರನ್ನು ಮುಧೋಳದಲ್ಲಿ ಗಲ್ಲಿಗೇರಿಸಿದರು. ಉಳಿದವರು ಬಾಯಿ ತೆರೆಯಬಾರದು, ಅಷ್ಟೇ. ಅದೇ ಬೇರಿನ ‘ಟೆರಿಫಿಕ್’ ಮಾತ್ರ ಹೇಗೋ ಹೊಗಳಿಕೆಯಾಗಿ ಕೂತಿದೆ. ನನ್ನ ಬಿರುದನ್ನೂ ನಾನು ಆ ಸಾಲಿಗೇ ಸೇರಿಸಿಕೊಂಡಿದ್ದೆ.

ಮೊನ್ನೆ ರಬಕವಿಯ ಸೀರೆ ಅಂಗಡಿಯಲ್ಲಿ ಒಬ್ಬಾಕೆ ಬಂದು ಕಾಲು ಮುಟ್ಟಿದಳು. ಜೊತೆಗೆ ಕಾಲೇಜಿಗೆ ಹೋಗುವ ಮಗಳು.

“ಗುರ್ತು ಸಿಗಲಿಲ್ಲೇನ್ರಿ ಅಕ್ಕೋರ? ಎಂಟನೆತ್ತಾಗ ಸಾಲಿ ಬಿಟ್ಟೆನ್ರಿ.”

ನೆನಪಾಯಿತು. ಮನೆಯಲ್ಲಿ ಮಗ್ಗವಿತ್ತು, ಕಂಡಿಕಿ ಸುತ್ತಲು ಕೂಡಿಸಿಕೊಂಡರೆಂದು ಕೇಳಿದ್ದೆ. ಮನೆಯವರನ್ನು ಬೈದೂ ಇದ್ದೆ. ಅದನ್ನೇ ಹೇಳಿದೆ.

“ಅವ್ವ ಬಿಡಸಲಿಲ್ರಿ, ನಾನ ಬಿಟ್ಟೆ. ಬೀಜಗಣಿತ ತಿಳೀತಿರಲಿಲ್ಲ. ನಿಮ್ಮನ್ನ ಕೇಳಾಕ ಅಂಜಿಕಿ ಬರತಿತ್ತು.” ನಗುತ್ತಲೇ ಹೇಳಿದಳು, ಬೇಜಾರಿನ ಸುಳಿವಿರಲಿಲ್ಲ. “ನನ್ನ ಮಗಳು ಹಂಗಲ್ರಿ, ಎಲ್ಲಾ ಕೇಳ್ತಾಳ.”

ಕೈಯಲ್ಲಿದ್ದ ಸೀರೆಯನ್ನು ಮಡಚಲೂ ಆಗಲಿಲ್ಲ ನನಗೆ. “ಏನು ತಿಳೀತಿರಲಿಲ್ಲವ್ವಾ?” ಅಂದೆ.

“ಎಕ್ಸ್ ಅಂದ್ರ ಏನಂತ, ಅಷ್ಟರಿ.”

ಎರಡು ನಿಮಿಷದ ಮಾತು. ಆ ವರ್ಷ ಆ ಕ್ಲಾಸಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರಿಗೂ ತಿಳಿದಿದೆ ಎಂದುಕೊಂಡು ನಾನು ಮುಂದಿನ ಪಾಠ ತೆಗೆದಿದ್ದೆ.