ಪ್ರಶ್ನೆ ಕೇಳುವ ಸರದಿ

ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ದಿನಚರಿಯಲ್ಲಿ ಬೆಳಗಿನ ಏಳು ಗಂಟೆಗೆ ವಿಶೇಷ ಸ್ಥಾನವಿದೆ. ಆ ಹೊತ್ತಿಗೆ ಅವರ ಮೊಬೈಲಿಗೆ ಒಂದು ಪ್ರಶ್ನೆ ಬರುತ್ತದೆ. ಹಳಗನ್ನಡ ಕಾವ್ಯ ಮತ್ತು ಶಾಸನಗಳಲ್ಲಿ ಆಸಕ್ತಿಯುಳ್ಳ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಬಳಗವೊಂದಕ್ಕೆ ಅವರು ಸೇರಿದ್ದಾರೆ. ಧಾರವಾಡದ ಬ್ಯಾಂಕ್ ಅಧಿಕಾರಿ, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು, ಪುಣೆಯ ಎಂಜಿನಿಯರ್, ನಾಲ್ಕೈದು ಮಂದಿ ಸಂಶೋಧನಾ ವಿದ್ಯಾರ್ಥಿಗಳು, ಹೀಗೆ ಬೇರೆಬೇರೆ ವೃತ್ತಿಯವರು ಅಲ್ಲಿ ಕೂಡಿದ್ದಾರೆ. ಹೆಚ್ಚಿನವರು ಒಬ್ಬರ ಮುಖವನ್ನು ಇನ್ನೊಬ್ಬರು ಕಂಡವರಲ್ಲ.

ಬಳಗದ ನಿಯಮ ಸರಳವಾದುದು. ದಿನಕ್ಕೆ ಒಂದೇ ಪ್ರಶ್ನೆ. ಸರಿಯಾದ ಉತ್ತರವನ್ನು ಮೊದಲು ಹೇಳಿದವರಿಗೆ ಮರುದಿನ ಪ್ರಶ್ನೆ ಕೇಳುವ ಸರದಿ. ರಾತ್ರಿ ಒಂಬತ್ತರವರೆಗೂ ಯಾರಿಗೂ ಹೊಳೆಯದಿದ್ದರೆ ಕೇಳಿದವರೇ ಉತ್ತರವನ್ನು ವಿವರಿಸಿ, ತಮಗೆ ತೋರಿದವರಿಗೆ ಸರದಿಯನ್ನು ಒಪ್ಪಿಸಬೇಕು. ಬೇರೆ ಬಹುಮಾನವಿಲ್ಲ. ಗೆದ್ದವರಿಗೆ ದೊರೆಯುವುದು ಮರುದಿನದ ದುಡಿಮೆ ಮಾತ್ರ. ಬೆರಳ ತುದಿಯಲ್ಲಿ ಕ್ಷಣಾರ್ಧದಲ್ಲಿ ಸಿಕ್ಕಿಬಿಡುವ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲವಾದ್ದರಿಂದ ಪ್ರಶ್ನೆಯನ್ನು ಕಟ್ಟುವುದಕ್ಕೆ ಶ್ರಮ ಬೇಕು. ಸುಳಿವು ಪ್ರಶ್ನೆಯೊಳಗೇ ಇರಬೇಕು. ಆದರೆ ಓದಿದವರಿಗೆ ಮಾತ್ರ ಅದು ಕಾಣಬೇಕು. ಕಾಳಿದಾಸನ ಒಂದು ಕಾವ್ಯದ ಸಾಲುಗಳನ್ನೆಲ್ಲ ತನ್ನೊಡಲೊಳಗೆ ಹುದುಗಿಸಿಕೊಂಡು, ಯಕ್ಷನ ವಿರಹವನ್ನು ತೀರ್ಥಂಕರನ ಉಪಸರ್ಗದ ಕಥೆಯನ್ನಾಗಿ ಮಾರ್ಪಡಿಸಿದ ಕಾವ್ಯ ಯಾವುದು ಎಂದು ಪುಣೆಯ ಎಂಜಿನಿಯರ್ ಒಮ್ಮೆ ಕೇಳಿದ್ದರು. ಜಿನಸೇನಾಚಾರ್ಯರ ‘ಪಾರ್ಶ್ವಾಭ್ಯುದಯ’ ಎಂದು ಅಧ್ಯಾಪಕರು ಎಲ್ಲರಿಗಿಂತ ಮೊದಲು ಉತ್ತರಿಸಿದರು. ಮರುದಿನದ ಸರದಿ ಅವರದಾಯಿತು.

ಇಂತಹ ವಿನೋದ ಈ ನೆಲಕ್ಕೆ ಹೊಸದಲ್ಲ. ಅಶ್ವಮೇಧ ಯಾಗದಲ್ಲಿ ಋತ್ವಿಜರು ಎದುರುಬದುರಾಗಿ ನಿಂತು ಒಬ್ಬರನ್ನೊಬ್ಬರು ಗೂಢಪ್ರಶ್ನೆಗಳಿಂದ ಕೆಣಕುವ ‘ಬ್ರಹ್ಮೋದ್ಯ’ವೆಂಬ ವಿಧಿಯಿತ್ತು, ಅಲ್ಲಿ ಉತ್ತರಿಸಿದವನೇ ಮತ್ತೆ ಪ್ರಶ್ನೆ ಕೇಳುವವನಾಗುತ್ತಿದ್ದನು. ಬಾಣಭಟ್ಟನು ‘ಕಾದಂಬರಿ’ಯಲ್ಲಿ ಶೂದ್ರಕ ರಾಜನ ಕಾಲಕ್ಷೇಪವನ್ನು ವರ್ಣಿಸುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಪ್ರಹೇಳಿಕೆ ಮೊದಲಾದ ಮಾತಿನ ಆಟಗಳನ್ನು ಹೆಸರಿಸುತ್ತಾನೆ. ಜಿನಸೇನರ ‘ಆದಿಪುರಾಣ’ದಲ್ಲಿ ಗರ್ಭಿಣಿಯಾದ ಮರುದೇವಿಯ ಮನಸ್ಸನ್ನು ರಂಜಿಸಲು ದೇವಿಯರು ಒಗಟಿನ ಪದ್ಯಗಳನ್ನು ಒಂದರ ಮೇಲೊಂದು ಒಡ್ಡುತ್ತಾರೆ, ಕೆಲವಕ್ಕೆ ಉತ್ತರ ಪದ್ಯದೊಳಗೇ ಅಡಗಿರುತ್ತದೆ, ಕೆಲವಕ್ಕೆ ಹೊರಗಿನಿಂದ ತರಬೇಕಾಗುತ್ತದೆ. ಇತ್ತ ಹಳ್ಳಿಯ ಜಗಲಿಗಳಲ್ಲಿ ಒಗಟು, ಒಡಪುಗಳು ಅಕ್ಷರದ ಹಂಗಿಲ್ಲದೆ ಇದೇ ಕೆಲಸವನ್ನು ಮಾಡಿಕೊಂಡು ಬಂದಿವೆ.

ಈ ಪರಂಪರೆಗೆ ಶಾಸ್ತ್ರದ ಚೌಕಟ್ಟನ್ನು ಕಟ್ಟಿದವರಲ್ಲಿ ದಂಡಿ ಮುಖ್ಯನು. ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಅವನು ಹದಿನಾರು ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ಗೋಷ್ಠಿಗಳ ವಿನೋದಕ್ಕೂ ಜನರ ನಡುವೆ ಗುಟ್ಟಾಗಿ ಮಾತನಾಡುವುದಕ್ಕೂ ಎದುರಾಳಿಯನ್ನು ಗೊಂದಲಗೊಳಿಸುವುದಕ್ಕೂ ಅವು ಉಪಯುಕ್ತವೆನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಪೂರ್ವಾಚಾರ್ಯರು ಹದಿನಾಲ್ಕು ದುಷ್ಟಪ್ರಹೇಳಿಕೆಗಳನ್ನೂ ಎಣಿಸಿದ್ದಾರೆಂದು ಸೂಚಿಸುತ್ತಾನೆ. ಉತ್ತರ ತಪ್ಪಾಗುವುದನ್ನು ಎಲ್ಲರೂ ಬಲ್ಲರು. ಪ್ರಶ್ನೆಯೇ ದೋಷಯುಕ್ತವಾಗಿರಬಹುದೆಂಬ ಎಚ್ಚರ ಈ ಸೂಚನೆಯಲ್ಲಿದೆ. ‘ಕವಿರಾಜಮಾರ್ಗ’ಕ್ಕೂ ‘ಕಾವ್ಯಾದರ್ಶ’ಕ್ಕೂ ಇರುವ ಸಂಬಂಧವನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸಿದ್ದ ಅಧ್ಯಾಪಕರಿಗೆ ಈ ಮಾತು ತಿಳಿಯದ್ದೇನಲ್ಲ. ಅದು ತಮ್ಮ ಮೇಲೆಯೇ ತಿರುಗೀತೆಂದು ಮಾತ್ರ ಅವರು ಎಣಿಸಿರಲಿಲ್ಲ.

ಆ ದಿನ ಬಳಗಕ್ಕೆ ಹೊಸಬರು ಸೇರಿದ್ದ ಕಾರಣ ಅಧ್ಯಾಪಕರು ಸುಲಭವಾದುದನ್ನೇ ಆರಿಸಿಕೊಂಡರು. ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತ ಕೃತಿಯನ್ನು ರಚಿಸಿದವರು ಯಾರು? ಹಿಡಿಯಬೇಕಾದುದೇನು, ಬಿಡಬೇಕಾದುದೇನು, ಗುರುವೆಂದರೆ ಯಾರು ಎಂಬಂತಹ ಪುಟ್ಟ ಪ್ರಶ್ನೆಗಳಿಗೆ ಅಷ್ಟೇ ಪುಟ್ಟ ಉತ್ತರಗಳನ್ನು ಪೋಣಿಸಿದ ಕೃತಿಯದು. ಪ್ರಶ್ನೋತ್ತರಗಳ ಬಳಗಕ್ಕೆ ಪ್ರಶ್ನೋತ್ತರಗಳ ಗ್ರಂಥದ ಬಗ್ಗೆಯೇ ಕೇಳುವುದು ಉಚಿತವೆಂದು ಅವರಿಗೆ ತೋರಿತು. ನಾಲ್ಕು ನಿಮಿಷದೊಳಗೆ ಉತ್ತರ ಬಂತು. ಮೂರು ತಿಂಗಳಿಂದ ಬಳಗದಲ್ಲಿದ್ದರೂ ಒಮ್ಮೆಯೂ ಸರದಿ ದೊರೆಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ‘ಶಂಕರಾಚಾರ್ಯರು’ ಎಂದು ಬರೆದಿದ್ದರು. ಅಧ್ಯಾಪಕರು ‘ತಪ್ಪು’ ಎಂದರು. ಅದರ ಹಿಂದೆಯೇ ಧಾರವಾಡದ ಬ್ಯಾಂಕ್ ಅಧಿಕಾರಿ ‘ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ’ ಎಂದರು. ‘ಸರಿ, ನಾಳೆ ನಿಮ್ಮ ಸರದಿ’ ಎಂದು ಅಧ್ಯಾಪಕರು ಆ ದಿನದ ಆಟವನ್ನು ಮುಗಿಸಿದರು.

ಮಧ್ಯಾಹ್ನ ಆ ವಿದ್ಯಾರ್ಥಿನಿ ಅವರೊಬ್ಬರಿಗೇ ಪ್ರತ್ಯೇಕವಾಗಿ ಒಂದು ಸಂದೇಶ ಕಳುಹಿಸಿದರು. “ಸರ್, ನಮ್ಮ ಅಜ್ಜಿ ದಿನವೂ ಓದುತ್ತಿದ್ದ ಸ್ತೋತ್ರಗಳ ಪುಸ್ತಕದಲ್ಲಿ ಇದು ಶಂಕರಾಚಾರ್ಯರದೆಂದೇ ಅಚ್ಚಾಗಿದೆ. ಪುಟದ ಚಿತ್ರ ಇದರೊಂದಿಗಿದೆ. ಅದು ತಪ್ಪಾಗಿದ್ದರೆ ಯಾವ ಆಧಾರದಿಂದ ತಪ್ಪೆಂದು ತಿಳಿಸುತ್ತೀರಾ?” ಹಳದಿ ಬಣ್ಣಕ್ಕೆ ತಿರುಗಿದ ಆ ಪುಟದ ಅಂಚಿನಲ್ಲಿ ಅರಿಸಿನದ ಬೆರಳ ಗುರುತಿತ್ತು.

ಅಧ್ಯಾಪಕರಿಗೆ ಮೊದಲು ಬಂದದ್ದು ಸಣ್ಣ ಅಸಮಾಧಾನ. ಇಷ್ಟು ಪ್ರಸಿದ್ಧವಾದ ವಿಷಯಕ್ಕೂ ಆಧಾರ ಕೇಳುತ್ತಾರಲ್ಲ ಎನಿಸಿತು. ಉತ್ತರ ಬರೆಯಲೆಂದು ತಮ್ಮ ಹಳೆಯ ಟಿಪ್ಪಣಿ ಪುಸ್ತಕವನ್ನು ತೆರೆದರು. ಎಡಗಡೆಯ ಅಂಕಣದಲ್ಲಿ ಪ್ರಶ್ನೆ, ಬಲಗಡೆಯ ಅಂಕಣದಲ್ಲಿ ಉತ್ತರ. ಮೂವತ್ತೆರಡು ವರ್ಷಗಳ ಅಧ್ಯಾಪನದಲ್ಲಿ ಬೆಳೆದ ಪುಸ್ತಕವದು. ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಎದುರಿಗೆ ‘ಅಮೋಘವರ್ಷ’ ಎಂದಿತ್ತು. ಅದರಾಚೆಗೆ ಏನೂ ಇರಲಿಲ್ಲ. ತಮ್ಮ ಗುರುಗಳು ತರಗತಿಯಲ್ಲಿ ಹೇಳಿ ಬರೆಸಿದುದನ್ನು ತಾವು ಬರೆದುಕೊಂಡು, ಅದನ್ನೇ ಮುಂದಿನವರಿಗೆ ಬರೆಸಿದ್ದರೆಂಬುದು ಅವರಿಗೆ ಆಗ ಅರಿವಾಯಿತು. ಅವರು ಆ ಸಂಜೆ ಉತ್ತರ ಕಳುಹಿಸಲಿಲ್ಲ. “ಮೂರು ದಿನ ಸಮಯ ಕೊಡಮ್ಮ” ಎಂದಷ್ಟೇ ಬರೆದರು.

ಆ ಮೂರು ದಿನಗಳನ್ನು ಅವರು ಗ್ರಂಥಾಲಯದಲ್ಲಿ ಕಳೆದರು. ಒಂದೇ ಕೃತಿಗೆ ಮೂವರು ಹಕ್ಕುದಾರರಿದ್ದರು. ದಿಗಂಬರ ಪರಂಪರೆಯ ಪಾಠವು ವರ್ಧಮಾನನಿಗೆ ನಮಸ್ಕರಿಸಿ ಆರಂಭವಾಗುತ್ತದೆ. ವಿವೇಕೋದಯದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷ ರಾಜನು ಇದನ್ನು ರಚಿಸಿದನೆಂದು ಅದರ ಕೊನೆಯ ಪದ್ಯ ಹೇಳುತ್ತದೆ. ಶ್ವೇತಾಂಬರ ಪರಂಪರೆಯ ಪಾಠದಲ್ಲಿ ಆ ಪದ್ಯದ ಸ್ಥಳದಲ್ಲಿ ವಿಮಲನೆಂಬ ಶ್ವೇತಾಂಬರ ಗುರುವಿನ ಹೆಸರಿದೆ. ಶಂಕರಾಚಾರ್ಯರ ಕೃತಿಗಳ ಸಂಪುಟಗಳಲ್ಲಿ ಇದು ಅವರ ಹೆಸರಿನಲ್ಲಿಯೇ ಸೇರಿಕೊಂಡು, ಮನೆಮನೆಯ ಸ್ತೋತ್ರಪುಸ್ತಕಗಳವರೆಗೆ ಇಳಿದು ಬಂದಿದೆ. ಟಿಬೆಟ್ಟಿನ ಭಾಷೆಗೆ ಆದ ಪ್ರಾಚೀನ ಅನುವಾದವು ಅಮೋಘವರ್ಷನ ಪಕ್ಷಕ್ಕೆ ಬಲ ಕೊಡುತ್ತದೆ; ಆದ್ದರಿಂದ ಅನೇಕ ವಿದ್ವಾಂಸರ ಒಲವು ಆ ಕಡೆಗಿದೆ. ಅಧ್ಯಾಪಕರ ಒಲವೂ ಅತ್ತಲೇ ಉಳಿಯಿತು. ಆದರೆ ಒಲವಿಗೂ ‘ತಪ್ಪು’ ಎಂಬ ಎರಡಕ್ಷರದ ತೀರ್ಪಿಗೂ ನಡುವೆ ಎಷ್ಟು ದೂರವಿದೆಯೆಂಬುದು ಅವರಿಗೆ ಗೋಚರಿಸಿತು. ವಿದ್ಯಾರ್ಥಿನಿಯ ಉತ್ತರ ಇದರಿಂದ ಸರಿಯಾಗಲಿಲ್ಲ. ಅದನ್ನು ತಳ್ಳಿಹಾಕಿದ ರೀತಿ ಮಾತ್ರ ಸರಿಯಾಗಿರಲಿಲ್ಲ. ದೋಷವಿದ್ದದ್ದು ಪ್ರಶ್ನೆಯಲ್ಲಿ. ಮೂರು ಬಾಗಿಲುಗಳ ಮನೆಗೆ ಒಂದೇ ಬಾಗಿಲೆಂದು ನಂಬಿ ಅವರು ಕೇಳಿದ್ದರು.

ಅವರನ್ನು ಹೆಚ್ಚು ಕಾಡಿದ್ದು ಬೇರೆಯದೇ ಒಂದು ನೆನಪು. ಇದೇ ಪ್ರಶ್ನೆಯನ್ನು ಅವರು ಕಾಲೇಜಿನ ಕಿರುಪರೀಕ್ಷೆಗಳಲ್ಲಿ ಒಂದು ಅಂಕಕ್ಕೆ ಹಲವು ಸಲ ಕೇಳಿದ್ದರು. ‘ಶಂಕರಾಚಾರ್ಯ’ ಎಂದು ಬರೆದವರು ಆಗಲೂ ಇದ್ದರು. ಅವರ ಉತ್ತರದ ಮೇಲೆ ಕೆಂಪು ಗೆರೆ ಎಳೆದ ಕೈ ತಮ್ಮದೇ. ಆ ಹುಡುಗರಲ್ಲಿಯೂ ಯಾರದಾದರೂ ಮನೆಯಲ್ಲಿ ಅರಿಸಿನ ಮೆತ್ತಿದ ಪುಸ್ತಕವಿದ್ದಿರಬಹುದು. ಆಧಾರವೇನೆಂದು ಎದ್ದು ಕೇಳುವ ಧೈರ್ಯ ಅವರಿಗೆ ಇರಲಿಲ್ಲ, ಕೇಳಲು ಅವಕಾಶವೂ ಇರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಸರದಿ ಎಂಬುದಿಲ್ಲ. ಅಲ್ಲಿ ಕೇಳುವವರು ಸದಾ ಕೇಳುವವರೇ, ಹೇಳುವವರು ಸದಾ ಹೇಳುವವರೇ. ಬಳಗದಲ್ಲಿ ಇಂದು ತೀರ್ಪು ಕೊಟ್ಟವರು ನಾಳೆ ಇನ್ನೊಬ್ಬರ ತೀರ್ಪಿಗೆ ಕಾಯಬೇಕು. ಆ ಕಾರಣಕ್ಕೇ ಅಲ್ಲಿ ಒಬ್ಬರು ಕೇಳಲು ಸಾಧ್ಯವಾಯಿತು, ಇನ್ನೊಬ್ಬರು ಹುಡುಕಲು ಹೊರಡಬೇಕಾಯಿತು.

ನಾಲ್ಕನೆಯ ದಿನ ಅವರು ಬಳಗಕ್ಕೆಲ್ಲ ಒಂದು ದೀರ್ಘವಾದ ಬರಹವನ್ನು ಕಳುಹಿಸಿದರು. ಮೂರು ಪಾಠಗಳನ್ನೂ ವಿವರಿಸಿ, ತಮ್ಮ ಒಲವನ್ನೂ ಅದರ ಕಾರಣವನ್ನೂ ತಿಳಿಸಿ, ತಾವು ಪ್ರಶ್ನೆಯನ್ನು ಕೇಳಿದ ರೀತಿ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಪ್ರತಿಕ್ರಿಯೆಗಳು ಒಂದೇ ಬಗೆಯವಾಗಿರಲಿಲ್ಲ. “ಮೇಷ್ಟ್ರೇ, ಹಾಗಾದರೆ ನನಗೆ ಬಂದ ಸರದಿಯೂ ಪೂರ್ತಿ ನನ್ನದಲ್ಲ” ಎಂದು ಬ್ಯಾಂಕ್ ಅಧಿಕಾರಿ ಬರೆದರು. ಸಕಲೇಶಪುರದ ಬೆಳೆಗಾರರು ಒಪ್ಪಲಿಲ್ಲ. ದಿನಕ್ಕೊಂದು ಪ್ರಶ್ನೆಯ ವಿನೋದವನ್ನು ವಿಚಾರಸಂಕಿರಣವನ್ನಾಗಿ ಮಾಡಿದರೆ ಬಳಗ ಒಂದು ತಿಂಗಳೂ ಉಳಿಯುವುದಿಲ್ಲ, ಆಟಕ್ಕೆ ಒಂಬತ್ತು ಗಂಟೆಯ ಗಡುವಿರುವುದು ಅದಕ್ಕಾಗಿಯೇ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿತ್ತು. ಕನ್ನಡದ ಅತಿ ಹಳೆಯ ಶಾಸನ ಯಾವುದೆಂದರೆ ಸುಮಾರು 450ರ ಹಲ್ಮಿಡಿ ಶಾಸನವೆಂದು ಒಂದು ತಲೆಮಾರು ಬಾಯಿಪಾಠ ಮಾಡಿತು. ತಾಳಗುಂದದ ಸಿಂಹಕಟಾಂಜನ ಶಾಸನವು ಅದಕ್ಕಿಂತ ಹಿಂದಿನದು, 370ರ ಕಾಲದ್ದು ಎಂಬ ವಾದ ಈಚೆಗೆ ಬಂದಿದೆ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳನ್ನು ಓದಿದವರೆಲ್ಲ ಅದರ ಕರ್ತೃವಿನ ವಿಷಯದಲ್ಲಿ ಒಂದೇ ಮಾತನ್ನಾಡುವುದಿಲ್ಲ. ಸಂದೇಹವಿರುವುದನ್ನೆಲ್ಲ ಬದಿಗಿಟ್ಟರೆ ಕೇಳಲು ಉಳಿಯುವುದು ಅತ್ಯಲ್ಪ.

ಅಧ್ಯಾಪಕರು ಬೆಳೆಗಾರರ ಮಾತನ್ನು ಅರ್ಧದಷ್ಟು ಒಪ್ಪಿದರು. ಗಡುವು ಇರಲಿ, ಆದರೆ ಪ್ರಶ್ನೆ ಕೇಳುವವರು ಯಾರ ಅಭಿಪ್ರಾಯದಂತೆ, ಯಾವ ಪಾಠದಂತೆ ಎಂಬುದನ್ನು ಪ್ರಶ್ನೆಯಲ್ಲಿಯೇ ಸೂಚಿಸಲಿ, ಕೇಳಿದರೆ ತೋರಿಸಲು ಆಧಾರವನ್ನು ಕೈಯಲ್ಲಿಟ್ಟುಕೊಂಡಿರಲಿ ಎಂದರು. ‘ದಿಗಂಬರ ಪಾಠದ ಕೊನೆಯ ಪದ್ಯದ ಪ್ರಕಾರ ಈ ಕೃತಿಯನ್ನು ರಚಿಸಿದವರು ಯಾರು?’ ಎಂದು ಕೇಳಿದ್ದರೆ ಪ್ರಶ್ನೆ ಸುಲಭವಾಗಿಯೂ ಇರುತ್ತಿತ್ತು, ನಿರ್ದೋಷವಾಗಿಯೂ ಇರುತ್ತಿತ್ತು. ಆ ಪದ್ಯದಲ್ಲಿ ಕಾಣುವವನು ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟ ರಾಜನೆಂಬುದನ್ನು ಅಧ್ಯಾಪಕರು ಎಷ್ಟೋ ಸಲ ಬೋಧಿಸಿದ್ದರು. ಬಳಗದ ಒಪ್ಪಿಗೆ ಪಡೆದು, ಮರುದಿನದ ಸರದಿಯನ್ನು ಆ ವಿದ್ಯಾರ್ಥಿನಿಗೆ ಕೊಡಿಸಿದರು.

ಆಕೆ ಕೇಳಿದ ಪ್ರಶ್ನೆಯೂ ಅದೇ ರಾಜನ ಆಸ್ಥಾನದ್ದು. ‘ಕವಿರಾಜಮಾರ್ಗ’ವು ನೃಪತುಂಗನದೇ ಎನ್ನುವವರೂ ಶ್ರೀವಿಜಯನದು ಎನ್ನುವವರೂ ‘ನೃಪತುಂಗದೇವಾನುಮತ’ ಎಂಬ ಒಂದೇ ಪದವನ್ನು ಹೇಗೆ ಬೇರೆಬೇರೆಯಾಗಿ ಅರ್ಥಮಾಡುತ್ತಾರೆ? ರಾಜನಿಗೆ ಸಮ್ಮತವಾದ ಗ್ರಂಥವೆಂದರೆ ಅದು ರಾಜನದಲ್ಲವೆಂದು ಒಬ್ಬರು ಬರೆದರು. ರಾಜನ ಮತವನ್ನೇ ಪ್ರತಿಪಾದಿಸುವ ಗ್ರಂಥವೆಂದು ಇನ್ನೊಬ್ಬರು ಬರೆದರು. ರಾತ್ರಿ ಒಂಬತ್ತರೊಳಗೆ ಹನ್ನೊಂದು ಮಂದಿ ಉತ್ತರಿಸಿದ್ದರು. ಅಧ್ಯಾಪಕರು ಆ ದಿನ ಕೊನೆಯವರಾಗಿ ಬರೆದರು. ಬರೆಯುವ ಮೊದಲು ಪುಸ್ತಕವನ್ನು ತೆಗೆದು ಆ ಮಾತು ಎಲ್ಲಿ ಬರುತ್ತದೆಂದು ನೋಡಿಕೊಂಡರು. ಯಾರ ಉತ್ತರವನ್ನೂ ವಿದ್ಯಾರ್ಥಿನಿ ತಪ್ಪೆನ್ನಲಿಲ್ಲ. ಉತ್ತರ ಹೇಳದೆ, ಆ ಪದ ಗ್ರಂಥದ ಯಾವ ಭಾಗದಲ್ಲಿದೆಯೆಂದು ತಿರುಗಿ ಕೇಳಿದ್ದ ಸಕಲೇಶಪುರದ ಬೆಳೆಗಾರರಿಗೆ ಆಕೆ ಸರದಿಯನ್ನು ಒಪ್ಪಿಸಿದರು.

ಆ ರಾತ್ರಿ ಅಧ್ಯಾಪಕರು ಟಿಪ್ಪಣಿ ಪುಸ್ತಕದ ಪುಟಗಳಿಗೆ ಬಲಗಡೆಯಲ್ಲಿ ಇನ್ನೊಂದು ಗೆರೆ ಎಳೆಯಲು ಕುಳಿತರು. ಮೂರನೆಯ ಅಂಕಣದ ತಲೆಯ ಮೇಲೆ ‘ಆಧಾರ’ ಎಂದು ಬರೆದರು. ಹಳೆಯ ಪ್ರಶ್ನೆಗಳು ನೂರಾರಿದ್ದವು. ಮೊದಲ ಪುಟದಲ್ಲಿ ತುಂಬಲು ಸಾಧ್ಯವಾದದ್ದು ನಾಲ್ಕು ಮಾತ್ರ. ಉಳಿದವನ್ನು ಖಾಲಿಯಾಗಿಯೇ ಬಿಟ್ಟು, ಮರುದಿನ ಬೆಳಗ್ಗೆ ಗ್ರಂಥಾಲಯಕ್ಕೆ ಕೊಂಡೊಯ್ಯಲು ಪುಸ್ತಕವನ್ನು ಚೀಲದೊಳಗಿಟ್ಟರು.