ಮೂರು ಗಂಟೆಯ ಅಂಕಿ

ಶಾಲೆಯ ವಾರ್ಷಿಕ ಸಂಚಿಕೆಗೆ ಪಾಲಕರೂ ಏನಾದರೊಂದು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿಕಳುಹಿಸಿದಾಗ ನಾವು ದಂಪತಿಗಳಿಬ್ಬರೂ ಹಿಂದೆಮುಂದೆ ನೋಡಿದೆವು. ವಡಾಳದ ಬಳಿ ಚಿಕ್ಕ ಖಾನಾವಳಿಯಿಟ್ಟು, ಇಡ್ಲಿಯ ಹಿಟ್ಟು ರುಬ್ಬಿ ಬದುಕುವ ನಮಗೆ ಲೇಖನಿಯ ಸಹವಾಸ ಅಷ್ಟಕ್ಕಷ್ಟೆ. ಆದರೂ ಮೂರು ವರ್ಷಗಳಿಂದ ನಾವು ದಿನಂಪ್ರತಿ ಬರೆಯುತ್ತಿರುವ ವಹಿಯೊಂದುಂಟು. ಅದರಲ್ಲಿ ಕಥೆಯಿಲ್ಲ, ಕವಿತೆಯಿಲ್ಲ, ಬರಿಯ ಅಂಕಿಗಳು. ಆ ಅಂಕಿಗಳಲ್ಲಿ ನಾವು ಒಮ್ಮೆ ಸುಳ್ಳು ಬರೆದೆವು. ಆ ಸಂಗತಿಯನ್ನೇ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಮಗ ಮೂರನೆಯ ತರಗತಿಯಲ್ಲಿದ್ದಾಗ ಅವನಿಗೆ ವಿಪರೀತ ಬಾಯಾರಿಕೆ ಹತ್ತಿತು. ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು, ಅಂಗಿ ಸಡಿಲವಾಯಿತು. ಮುಂಬಯಿಯ ಬೇಸಿಗೆಯೆಂದು ನಾವು ಉದಾಸೀನ ಮಾಡಿದೆವು. ಆಸ್ಪತ್ರೆಗೆ ಒಯ್ದಾಗ ರಕ್ತದ ಸಕ್ಕರೆ ೪೮೦ ದಾಟಿತ್ತು. ಇದು ಮೊದಲನೆಯ ಬಗೆಯ ಮಧುಮೇಹ, ಸಿಹಿ ತಿಂದು ಬಂದದ್ದಲ್ಲ, ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುತ್ತದೆ ಎಂದು ವೈದ್ಯೆಯವರು ತಿಳಿಸಿದರು. ೧೯೨೨ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಲೆನರ್ಡ್ ಥಾಮ್ಸನ್ ಎಂಬ ೧೪ ವರ್ಷದ ಬಾಲಕನಿಗೆ ಮೊತ್ತಮೊದಲು ಇನ್ಸುಲಿನ್ ಚುಚ್ಚಿದರಂತೆ. ಅದಕ್ಕೆ ಮುಂಚೆ ಈ ವ್ಯಾಧಿ ತಗಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಈಗ ಬದುಕುತ್ತಾರೆ, ಆದರೆ ಪ್ರತಿಯೊಂದು ಊಟಕ್ಕೂ, ಪ್ರತಿಯೊಂದು ಆಟಕ್ಕೂ ಲೆಕ್ಕವಿಡಬೇಕು.

ಈ ಲೆಕ್ಕ ಯಾರ ಪಾಲಿನದು? ವೈದ್ಯೆಯವರನ್ನು ನಾವು ಕಾಣುವುದು ಮೂರು ತಿಂಗಳಿಗೊಮ್ಮೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಉಳಿದ ಹಗಲಿರುಳೆಲ್ಲ ನಮ್ಮವೇ. ಬಾಸ್ಟನ್ನಿನ ಡಾಕ್ಟರ್ ಜೋಸ್ಲಿನ್ನರು ಇನ್ಸುಲಿನ್ ಬರುವುದಕ್ಕೂ ಮೊದಲೇ, ೧೯೧೮ರಲ್ಲಿ, ವೈದ್ಯ ಮತ್ತು ರೋಗಿ ಇಬ್ಬರೂ ಕೂಡಿ ಬಳಸಲೆಂದೇ ಕೈಪಿಡಿಯೊಂದನ್ನು ಪ್ರಕಟಿಸಿದ್ದರೆಂದು ಮುಂದೆ ತಿಳಿಯಿತು. ಆಗ ನಮಗೆ ಅದೆಲ್ಲ ಗೊತ್ತಿರಲಿಲ್ಲ. ವೈದ್ಯೆಯವರೆದುರು ನಾವು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳಂತಿದ್ದೆವು. ವಹಿಯಲ್ಲಿ ದೊಡ್ಡ ಅಂಕಿ ಬಂದರೆ ನಾಪಾಸಾದಷ್ಟು ನಾಚಿಕೆ.

ಕಳೆದ ವರ್ಷದ ಚಳಿಗಾಲದಲ್ಲಿ ಬೆಳಗಿನ ಸಕ್ಕರೆ ಪದೇಪದೇ ೨೫೦ ದಾಟಹತ್ತಿತು. "ಏಳು ರಾತ್ರಿ ಮೂರು ಗಂಟೆಗೆ ಎದ್ದು ರಕ್ತ ನೋಡಿ ಬರೆಯಿರಿ, ಆಮೇಲೆ ಔಷಧಿಯ ಮಾತು" ಎಂದರು ವೈದ್ಯೆಯವರು. ನಾವು ಎರಡು ರಾತ್ರಿ ಎದ್ದೆವು. ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗಿ, ನಾಲ್ಕಕ್ಕೆ ಒಲೆ ಹಚ್ಚುವವರು ನಾವು. ಉಳಿದ ಐದು ಮನೆಗಳಲ್ಲಿ ೧೪೪, ೧೫೧, ೧೩೮ ಎಂದು ಸುಮ್ಮನೆ ತುಂಬಿದೆವು. ಅನುಮಾನ ಬಾರದಂತೆ ತುಸು ಹೆಚ್ಚುಕಡಿಮೆ ಮಾಡಿ ಬರೆಯುವ ಜಾಣತನವೂ ನಮಗಿತ್ತು!

ಆ ಅಂಕಿಗಳನ್ನು ನಂಬಿ ವೈದ್ಯೆಯವರು ರಾತ್ರಿಯ ಇನ್ಸುಲಿನ್ನನ್ನು ೮ ಯೂನಿಟ್‌ನಿಂದ ೧೦ಕ್ಕೆ ಏರಿಸಿದರು. ಮುಂದಿನ ಭಾನುವಾರ ಹುಡುಗ ಇಡೀ ದಿನ ಮೈದಾನದಲ್ಲಿ ಕ್ರಿಕೆಟ್ ಆಡಿದ. ಹಗಲು ಆಡಿದ ಆಟ ನಡುರಾತ್ರಿಯವರೆಗೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆಂಬುದು ನಮಗೆ ಅರಿವಿರಲಿಲ್ಲ. ಎರಡೂವರೆಯ ಸುಮಾರಿಗೆ ನಮ್ಮಲ್ಲಿ ತಾಯಿಯಾದವಳ ಕೈಗೆ ಒದ್ದೆಯಾದ ದಿಂಬು ತಗಲಿತು. ಮಗ ಬೆವರಿನಲ್ಲಿ ತೊಯ್ದು ಏನೇನೋ ತೊದಲುತ್ತಿದ್ದ. ಯಂತ್ರ ೪೧ ತೋರಿಸಿತು. ನುಂಗುವಷ್ಟು ಎಚ್ಚರವಿದ್ದುದು ನಮ್ಮ ಪುಣ್ಯ. ಮೂರು ಚಮಚ ಗ್ಲೂಕೋಸ್ ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿ, ಹದಿನೈದು ನಿಮಿಷ ಗಡಿಯಾರ ನೋಡುತ್ತ ಕುಳಿತೆವು. ೬೨. ಮತ್ತೆ ಕುಡಿಸಿದೆವು. ೯೭. ಅವನು ಕಣ್ಣು ಬಿಟ್ಟು, "ಅಮ್ಮಾ, ಯಾಕೆ ದೀಪ ಹಾಕಿದ್ದೀರಿ?" ಎಂದ. ಆ ದಿನ ಖಾನಾವಳಿಯ ಬಾಗಿಲು ತೆರೆಯಲಿಲ್ಲ.

ಬೆಳಗಾಗುತ್ತಲೇ ವಹಿ ಹಿಡಿದು ಹೋಗಿ ನಿಜ ಹೇಳಿದೆವು. ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದೆವು. ವೈದ್ಯೆಯವರು ಬಹಳ ಹೊತ್ತು ಆ ಐದು ಅಂಕಿಗಳನ್ನೇ ನೋಡಿ ಮರಾಠಿಯಲ್ಲಿ ಕೇಳಿದರು: "ನೀವು ಎಷ್ಟು ಗಂಟೆಗೆ ಏಳುತ್ತೀರಿ?" ಎರಡು ವರ್ಷಗಳಲ್ಲಿ ಅವರು ಅದನ್ನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ತಪ್ಪಿನಲ್ಲಿ ಅವರ ಪಾಲನ್ನು ಅವರೇ ತೆಗೆದುಕೊಂಡರು. ಇದು ದೊಡ್ಡ ಮನಸ್ಸೆಂದು ನಮ್ಮ ಭಾವನೆ.

ಔಷಧಿ ಇಳಿಯಿತು. ಆಡಿದ ದಿನದ ರಾತ್ರಿ ಮಾತ್ರ ತಪ್ಪದೆ ಏಳುವುದು, ಉಳಿದ ದಿನ ಮಲಗುವಾಗ ನೋಡುವುದು ಎಂದು ನಮ್ಮೊಡನೆ ಕುಳಿತು ಗೊತ್ತುಮಾಡಿದರು. "ನೋಡದ ರಾತ್ರಿಯ ಮನೆಯನ್ನು ಖಾಲಿ ಬಿಡಿ. ಖಾಲಿ ಜಾಗ ನೋಡಿ ನಾನು ಔಷಧಿ ಏರಿಸುವುದಿಲ್ಲ" ಎಂದರು. ಸಕ್ಕರೆ ಇಳಿಯುವ ಮುನ್ನ ಹುಡುಗನಲ್ಲಿ ಏನು ಬದಲಾವಣೆ ಕಾಣುತ್ತದೆಂದೂ ಕೇಳಿದರು. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾನೆ, ಇಲ್ಲವೆ ಥಟ್ಟನೆ ಮೌನಿಯಾಗುತ್ತಾನೆ ಎಂದೆವು. ಅದನ್ನು ತಮ್ಮ ಕಡತದಲ್ಲಿ ಬರೆದುಕೊಂಡರು. ನಮ್ಮ ಮಾತು ಆಸ್ಪತ್ರೆಯ ಕಾಗದ ಸೇರಿದ್ದು ಅದೇ ಮೊದಲು. ಅದರ ನಕಲು ಈಗ ತರಗತಿಯ ಗುರುಗಳ ಮೇಜಿನ ಡ್ರಾಯರಿನಲ್ಲಿ ಗ್ಲೂಕೋಸಿನ ಡಬ್ಬಿಯ ಜೊತೆಗಿದೆ. ಒಮ್ಮೆ ಗಣಿತದ ವೇಳೆ ಹುಡುಗ ಸುಮ್ಮನಾದದ್ದನ್ನು ಕಂಡು ಅವರೇ ಡಬ್ಬಿ ತೆರೆದರು.

ಈಗ ಅವನಿಗೆ ೧೧ ವರ್ಷ. ಸೂಜಿ ತಾನೇ ಚುಚ್ಚಿಕೊಳ್ಳುತ್ತಾನೆ. ಯೂನಿಟ್ಟುಗಳನ್ನು ಮಾತ್ರ ನಾವು ನೋಡುತ್ತೇವೆ. ವಹಿಯಲ್ಲಿ ಅವನ ದುಂಡನೆಯ ಅಕ್ಷರಗಳೂ ಸೇರಿವೆ. ಮೊನ್ನೆ ಒಂದು ಸಂಜೆಯ ಮನೆಯಲ್ಲಿ ೩೧೧ ಎಂದು ಬರೆದು, ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದ: "ಗೆಳೆಯನ ಹುಟ್ಟುಹಬ್ಬ. ಜಿಲೇಬಿ ಎರಡು. ಅಲ್ಲ, ಮೂರು."